ಮೂರನೇ ಜಾಗದ ಪ್ರೋಲಿನ್

ಅತ್ತೆ ಸೊಸೆ ಒಂದೇ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ ಎಂದರೆ ಜನ ಹುಬ್ಬೇರಿಸುತ್ತಾರೆ. ಅದೂ ಒಂದೇ ಪ್ರಯೋಗಾಲಯಕ್ಕೆ ಎಂದರೆ ಮುಗಿಯಿತು, ಕೇಳಿದವರ ಮುಖದಲ್ಲಿ ಕನಿಕರ ಇಣುಕುತ್ತದೆ. ಕನಿಕರ ಯಾರ ಮೇಲೆ ಎಂದು ಮಾತ್ರ ಬಾಯಿ ಬಿಟ್ಟು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಆ ಕನಿಕರವೆಲ್ಲ ಸಲ್ಲಬೇಕಾದ್ದು ಮನೆಯಲ್ಲಿದ್ದ ಇನ್ನೊಬ್ಬನಿಗೆ, ಒಬ್ಬಳಿಗೆ ಮಗನೂ ಮತ್ತೊಬ್ಬಳಿಗೆ ಗಂಡನೂ ಆದ ಲಿಫ್ಟ್ ಮೆಕ್ಯಾನಿಕ್ಕನಿಗೆ. ಪಾಪ, ದಿನವಿಡೀ ಕೆಟ್ಟ ಲಿಫ್ಟುಗಳ ಹೊಟ್ಟೆಯೊಳಗೆ ಕೈ ಹಾಕಿ ದಣಿದು ಬಂದರೆ ಊಟದ ಮೇಜಿನ ಮೇಲೆ ಅಮೈನೋ ಆಮ್ಲಗಳ ಜಗಳ ನಡೆದಿರುತ್ತಿತ್ತು.

"ಮೇಲೆ ಹೋಗತ್ತೆ, ಕೆಳಗೆ ಬರತ್ತೆ. ನಂಗೆ ಗೊತ್ತಿರೋ ವಿಜ್ಞಾನ ಅಷ್ಟೇ," ಎನ್ನುತ್ತಿದ್ದ ಅವನು. "ಇಬ್ರೂ ಬಾಯಿಗೆ ಬೀಗ ಹಾಕಿ, ತಟ್ಟೆ ಖಾಲಿ ಮಾಡಿ."

ಹಾಗೆ ನೋಡಿದರೆ ಈ ಸೊಸೆಯನ್ನು ಮೊದಲು ಮೆಚ್ಚಿಕೊಂಡವಳು ಅತ್ತೆಯೇ. ಮಗ ಆಮೇಲೆ ಬಂದ. ಹುಡುಗಿ ವಿದ್ಯಾರ್ಥಿಯಾಗಿ ಸೇರಿ ಬೆಂಚಿನ ಪಕ್ಕ ನಿಂತು ಕೆಲಸ ಕಲಿಯುತ್ತಿದ್ದಾಗ ಅವಳ ಕೈ ನಡುಗುವುದನ್ನೂ, ನಡುಗುತ್ತಲೇ ಹಟ ಬಿಡದಿರುವುದನ್ನೂ ಅತ್ತೆ ನೋಡಿದಳು. "ನಮ್ಮನೇಲಿ ಫ್ಯಾನ್ ಕೆಟ್ಟಿದೆ, ಮಗ ರಿಪೇರಿ ಮಾಡ್ತಾನೆ, ಬಂದು ನೋಡು" ಎಂದು ತಲೆಬುಡವಿಲ್ಲದ ನೆಪ ಹೇಳಿ ಮನೆಗೆ ಕರೆದಳು. ಫ್ಯಾನ್ ಕೆಟ್ಟಿರಲೇ ಇಲ್ಲ.

ಅತ್ತೆಯ ಕೆಲಸ ಪೆಪ್ಟೈಡ್ ಕಟ್ಟುವುದು. ಅಮೈನೋ ಆಮ್ಲಗಳನ್ನು ಒಂದರ ಬೆನ್ನಿಗೆ ಒಂದು ಪೋಣಿಸಿದ ಪುಟ್ಟ ಸರ ಅದು. ಇವರದು ಹದಿನಾಲ್ಕು ಮಣಿಯ ಸರ. ಎಲ್ಲ ಕಡೆ ಯಂತ್ರ ಬಂದಿದ್ದರೂ ಅತ್ತೆ ಕೈಯಲ್ಲೇ ಕಟ್ಟುತ್ತಿದ್ದಳು, ಬೆರಳುದ್ದದ ಬಲೆಚೀಲಗಳಲ್ಲಿ. ಪ್ರತಿ ಚೀಲದೊಳಗೂ ಸಣ್ಣ ಮರಳಿನಂಥ ಪುಡಿ. ಆ ಪುಡಿಗೆ ಅಂಟಿಕೊಂಡೇ ಸರ ಬೆಳೆಯಬೇಕು. ಚೀಲಗಳೆಲ್ಲ ಒಂದೇ ಬಾಟಲಿಯಲ್ಲಿ ಒಟ್ಟಿಗೆ ತೊಳೆಸಿಕೊಂಡು, ಒಟ್ಟಿಗೆ ಕುಲುಕಿಸಿಕೊಂಡು, ಒಂದೇ ಮಣಿಯನ್ನು ಒಟ್ಟಿಗೆ ಏರಿಸಿಕೊಳ್ಳುತ್ತವೆ. ಯಾವ ಚೀಲಕ್ಕೆ ಬೇರೆ ಮಣಿ ಹಾಕಬೇಕೋ ಆ ಸರದಿ ಬಂದಾಗ ಮಾತ್ರ ಅದನ್ನು ಎತ್ತಿ ಬೇರೆ ಲೋಟಕ್ಕೆ ಹಾಕಬೇಕು. ಇದರಲ್ಲೊಂದು ಕಿತಾಪತಿ ಇದೆ. ಸರವನ್ನು ಓದುವುದು ತಲೆಯಿಂದ, ಕಟ್ಟುವುದು ಬಾಲದಿಂದ. ಚೀಲದ ಮೇಲೆ ಮೂರನೇ ಜಾಗ ಎಂದು ಬರೆದಿದ್ದರೆ ಬೆಂಚಿನ ಮೇಲೆ ಅದರ ಸರದಿ ಬರುವುದು ಕೊನೆಕೊನೆಗೆ. ಹೊಸಬರು ಇಲ್ಲಿ ಎಡವದೇ ಇರುವುದಿಲ್ಲ. ಅತ್ತೆ ಮಾತ್ರ ತನ್ನ ಕೂದಲು ಕಪ್ಪಿದ್ದ ಕಾಲದಿಂದಲೂ ಈ ತಿರುಗುಮುರುಗು ಲೆಕ್ಕವನ್ನು ತಲೆಯಲ್ಲೇ ಹಾಕುತ್ತ ಬಂದವಳು, ಒಮ್ಮೆಯೂ ಎಡವಿದವಳಲ್ಲ.

ಸೊಸೆಯದು ನೋಡುವ ಕೆಲಸ. ಕಟ್ಟಿದ ಸರವನ್ನು ತಣ್ಣನೆಯ ನೀರಿನಲ್ಲಿ ಕರಗಿಸಿ, ಅದು ಸುರುಳಿ ಸುತ್ತಿಕೊಂಡಿದೆಯೋ ಇಲ್ಲಾ ಬಿಚ್ಚಿಕೊಂಡು ಅಡ್ಡಾದಿಡ್ಡಿ ಬಿದ್ದಿದೆಯೋ ಎಂದು ಬೆಳಕು ಹಾಯಿಸಿ ಪತ್ತೆ ಹಚ್ಚುತ್ತಿದ್ದಳು. ಸುರುಳಿಯಿದ್ದರೆ ಪರದೆಯ ಮೇಲಿನ ಗೆರೆ ಅಕ್ಕಪಕ್ಕ ಎರಡು ಹಳ್ಳ ಇಳಿದು ಏಳುತ್ತದೆ. ಬಿಚ್ಚಿಕೊಂಡಿದ್ದರೆ ಆ ಜೋಡಿ ಹಳ್ಳ ಮಾಯವಾಗಿ ಎಡಗಡೆ ಒಂದೇ ಒಂದು ಉಳಿಯುತ್ತದೆ. ಇಬ್ಬರೂ ಬೆನ್ನು ಹತ್ತಿದ್ದ ಪ್ರಶ್ನೆ ಒಂದೇ: ಸರದಿಂದ ಒಂದು ಮಣಿ ಕಿತ್ತು ಅಲ್ಲಿ ಇನ್ನೊಂದನ್ನು ಕೂರಿಸಿದರೆ ಸುರುಳಿಯ ಗತಿಯೇನು?

ಅತ್ತೆ ಇದನ್ನು ಸೊಸೆಗೆ ಮೊದಲ ಸಲ ಹೇಳಿಕೊಟ್ಟಾಗ ಪುಸ್ತಕ ತೆರೆದಿರಲಿಲ್ಲ. "ಸುರುಳೀಲಿ ಒಬ್ಬೊಬ್ನೂ ತನಗಿಂತ ನಾಲ್ಕು ಜಾಗ ಮುಂದೆ ಇರೋನ ಕೈ ಹಿಡ್ಕೊಂಡಿರ್ತಾನೆ," ಎಂದಿದ್ದಳು. "ಅಲನಿನ್ ಒಳ್ಳೇ ಅಳಿಯ ಇದ್ದ ಹಾಗೆ, ಎಲ್ಲಿ ಕೂರ್ಸಿದ್ರೂ ಹೊಂದ್ಕೋತಾನೆ. ಗ್ಲೈಸಿನ್‌ಗೆ ಮೈಯಲ್ಲಿ ಮೂಳೆ ಇಲ್ಲ, ಕೂತಲ್ಲಿ ಕೂರಲ್ಲ. ಇನ್ನು ಪ್ರೋಲಿನ್ ಇದಾನಲ್ಲ, ಅವನು ಸೆಟ್ಕೊಂಡು ಕೂತ ನೆಂಟ. ತನ್ನ ಕೈ ತನ್ನ ಬೆನ್ನಿಗೇ ಕಟ್ಕೊಂಡಿದಾನೆ, ಮುಂದಿನೋನಿಗೆ ಕೊಡಕ್ಕೆ ಕೈಯೇ ಇಲ್ಲ. ಅವನ್ನ ಒಳಗೆ ಕೂರ್ಸಿದ್ರೆ ಸಾಲೆಲ್ಲಾ ಹಾಳು."

"ಎಲ್ಲಿ ಕೂರ್ಸಿದ್ರೂನಾ?"

"ತಲೆ ಕಡೆ ಮೊದಲನೇ ಸುತ್ತಲ್ಲಿ ಕೂರ್ಸಿ ನೋಡು. ಅಲ್ಲಿ ಇರೋರಿಗೆ ಹಿಡಿಯಕ್ಕೆ ಮುಂದೆ ಯಾರೂ ಇಲ್ವಲ್ಲ. ಕೈ ಇದ್ರೇನು, ಇಲ್ದಿದ್ರೇನು. ಬಾಗಿಲ ಹತ್ರ ಅವನೂ ಮರ್ಯಾದಸ್ಥನೇ."

ಈ ಮಾತು ತಮ್ಮ ಸರದಲ್ಲೂ ನಿಜವೆಂದು ತೋರಿಸುವುದು ಈಗ ಸೊಸೆಯ ಪ್ರಬಂಧದ ಕೊನೆಯ ಅಧ್ಯಾಯವಾಗಿತ್ತು. ಮಧ್ಯದಲ್ಲಿ ಪ್ರೋಲಿನ್, ಬಾಲದಲ್ಲಿ ಗ್ಲೈಸಿನ್, ಹೀಗೆ ಚೀಲಗಳು ಹಲವಿದ್ದರೂ ಎಲ್ಲರ ಕಣ್ಣು ಒಂದರ ಮೇಲೆ, ಮೂರನೇ ಜಾಗದ ಪ್ರೋಲಿನ್ ಇದ್ದ ಚೀಲದ ಮೇಲೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಅತ್ತೆಯ ತಾಯಿಗೆ ವಯಸ್ಸಾದಂತೆ ಮರೆವು ಹತ್ತಿತ್ತು. ಮೊದಮೊದಲು ಬೀಗದ ಕೈ, ಆಮೇಲೆ ಬೀದಿಯ ಹೆಸರು, ಕೊನೆಗೆ ಮಕ್ಕಳ ಮುಖ. ಮನೆಮಂದಿಯೆಲ್ಲ ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ಕಾಲ ತಳ್ಳಿದರು. ಅತ್ತೆಗೆ ಅದೇ ಭಯ ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಸೊಸೆ ಮನೆಗೆ ಬಂದ ಹೊಸತರಲ್ಲೇ ಪಾತ್ರೆ ತೊಳೆಯುತ್ತ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: "ಯಾವತ್ತು ನಾನು ಚೀಲ ಅದಲುಬದಲು ಮಾಡ್ತೀನೋ, ಅವತ್ತು ನೀನು ನಂಗೆ ಹೇಳ್ಬೇಕು. ಮಗ ಹೇಳಲ್ಲ, ಅವನದು ಹೂವಿನಂಥ ಮನಸ್ಸು. ನೀನು ಹೇಳು. ಅವತ್ತೇ ಬೆಂಚು ಬಿಟ್ಟು ಮನೇಲಿ ಕೂತ್ಕೋತೀನಿ." ಸೊಸೆ ನಕ್ಕು ಆಯಿತು ಎಂದಿದ್ದಳು. ಅಂಥ ದಿನ ಬರುತ್ತದೆಂದು ಯಾರು ಕಂಡಿದ್ದರು?

ಬಂತು. ಮೂರನೇ ಜಾಗದ ಪ್ರೋಲಿನ್ ಸರವನ್ನು ಬೆಳಕಿನ ಯಂತ್ರದಲ್ಲಿಟ್ಟರೆ ಪರದೆಯ ಮೇಲೆ ಜೋಡಿ ಹಳ್ಳವಿಲ್ಲ. ಸುರುಳಿ ಮುರಿದು ಬಿದ್ದಿತ್ತು. ಸೊಸೆ ನೀರು ಬದಲಿಸಿದಳು, ಗಾಜಿನ ಡಬ್ಬಿ ಬದಲಿಸಿದಳು, ಇನ್ನಷ್ಟು ತಣ್ಣಗೆ ಮಾಡಿದಳು. ಗೆರೆ ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ಕೋಣೆಯಲ್ಲಿ ಅಣುಗಳನ್ನು ತೂಗುವ ಯಂತ್ರ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಅವನು ಸರದ ತೂಕ ನೋಡಿ, "ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ" ಎಂದ. ಪ್ರಯೋಗಾಲಯದ ಮುಖ್ಯಸ್ಥ, ಅವನೂ ಒಂದು ಕಾಲದಲ್ಲಿ ಅತ್ತೆಯ ಕೈಯಲ್ಲಿ ಬೈಸಿಕೊಂಡು ಕಲಿತವನೇ, ತಲೆ ಕೆರೆದುಕೊಂಡ. "ಅಕ್ಕ ಕಟ್ಟಿದ್ದು ತಪ್ಪಾಗಿರಲ್ಲ. ಹಾಗಾದ್ರೆ ನಮ್ಮ ಸರದಲ್ಲಿ ಬಾಗಿಲ ಹತ್ರಾನೂ ಪ್ರೋಲಿನ್ ಆಗಲ್ಲ ಅಂತ ಬರಿ, ಮುಗಿಸು," ಎಂದ.

ಸೊಸೆ ಬರೆಯಲು ಕೂತಳು. ಕೈ ಓಡಲಿಲ್ಲ. ಬಾಲದಿಂದ ಕಟ್ಟುವ ಸರ, ಮೂರನೇ ಜಾಗ, ಮೂರನೇ ಸರದಿ. ತಲೆಯೊಳಗೆ ಏನೋ ಚುಚ್ಚಿತು. ಎದ್ದು ಹೋಗಿ ತಕ್ಕಡಿಗೆ ಸರವನ್ನು ತುಂಡು ತುಂಡು ಮಾಡಿ ತೂಗಲು ಹೇಳಿದಳು. ಇಡೀ ಸರದ ತೂಕದಲ್ಲಿ ಯಾವ ಮಣಿ ಎಲ್ಲಿದೆ ಎಂದು ತಿಳಿಯುವುದಿಲ್ಲ, ಮಣಿಗಳು ಅವೇ ಆಗಿದ್ದರೆ ಸಾಕು. ತುಂಡು ಮಾಡಿದರೆ ಬಣ್ಣ ಬಯಲಾಗುತ್ತದೆ. ಬಯಲಾಯಿತು: ಪ್ರೋಲಿನ್ ಕೂತಿದ್ದು ಬಾಲದಿಂದ ಮೂರನೇ ಜಾಗದಲ್ಲಿ. ಮೂಲ ಸರದಲ್ಲಿ ಆ ಜಾಗದಲ್ಲೂ ಈ ಜಾಗದಲ್ಲೂ ಇದ್ದದ್ದು ಅಲನಿನ್ನೇ, ಹಾಗಾಗಿ ತೂಕ ಕದಲಿರಲಿಲ್ಲ. ಅತ್ತೆ ಮೂರನೇ ಸರದಿಯಲ್ಲೇ ಆ ಚೀಲವನ್ನು ಪ್ರೋಲಿನ್ ಲೋಟಕ್ಕೆ ಹಾಕಿಬಿಟ್ಟಿದ್ದಳು. ಹೊಸಬರು ಮಾಡುವ ತಪ್ಪು.

"ಯಾರ ಹತ್ರಾನೂ ಬಾಯಿ ಬಿಡ್ಬೇಡ," ಎಂದಳು ಸೊಸೆ.

"ನಾನು ತೂಕ ಹೇಳೋನು, ಕತೆ ಹೇಳೋನಲ್ಲ," ಎಂದ ತಕ್ಕಡಿ. ಆದರೆ ಅವನ ಮುಖವೂ ಸಪ್ಪಗಾಗಿತ್ತು.

ಹೇಳಬೇಕು ಎಂದು ಸೊಸೆ ಪ್ರತಿದಿನ ಬೆಳಿಗ್ಗೆ ಸ್ಕೂಟರಿಗೆ ಕೀಲಿ ಹಾಕುವಾಗ ನಿಶ್ಚಯಿಸುತ್ತಿದ್ದಳು. ಹಿಂದೆ ಕೂತ ಅತ್ತೆ ಅವಳ ಹೆಗಲ ಮೇಲೆ ಕೈಯಿಟ್ಟು, "ಆ ನೀಲಿ ಬಸ್ಸಿನವನ ಹಿಂದೆ ಹೋಗ್ಬೇಡ, ಅವನು ಬ್ರೇಕು ಹಾಕೋದು ಮೂಡ್ ಬಂದಾಗ" ಎಂದೇನೋ ಅಂದರೆ ಹೇಳುವುದು ನಾಳೆಗೆ ಹೋಗುತ್ತಿತ್ತು. ಬೆಂಚಿಗೆ ಬಂದು ಏಪ್ರನ್ ಕಟ್ಟಿಕೊಂಡು ಬಾಟಲಿ ಕುಲುಕುವಾಗ ಅತ್ತೆಯ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು. ಆ ನೆಮ್ಮದಿಯನ್ನು ಕಿತ್ತುಕೊಳ್ಳಲು ಇವಳಿಗೆ ಕೈ ಬರಲಿಲ್ಲ. ಪ್ರೀತಿ ಎನ್ನುವುದು ಇಂಥ ಹೊತ್ತಿನಲ್ಲಿ ಮನುಷ್ಯರನ್ನು ಎಂಥ ಪೆದ್ದರನ್ನಾಗಿ ಮಾಡುತ್ತದೆ ನೋಡಿ. ತಾನೇ ಗುಟ್ಟಾಗಿ ಆ ಸರವನ್ನು ಇನ್ನೊಮ್ಮೆ ಕಟ್ಟಿ, ಹಳೆಯದರ ಜಾಗದಲ್ಲಿ ಇಟ್ಟುಬಿಡುವುದೆಂದು ಸೊಸೆ ತೀರ್ಮಾನಿಸಿದಳು.

ಅನುಕೂಲಕ್ಕೆ ಆ ವಾರ ಅತ್ತೆಗೆ ಹಲ್ಲು ನೋವು. ಮಧ್ಯಾಹ್ನಗಳಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಅವಳು ಅತ್ತ ಹೋದಳೆಂದರೆ ಸೊಸೆ ಇತ್ತ ಹಿಂದಿನ ಕೋಣೆಯಲ್ಲಿ ಒಂದೇ ಒಂದು ಚೀಲ ಹಿಡಿದು ನಿಲ್ಲುತ್ತಿದ್ದಳು. ಪ್ರತಿ ಮಣಿಗೂ ಮೊದಲು ಪಿಪೆರಿಡಿನ್ ಎಂಬ ದ್ರವ ಹಾಕಿ ತೊಳೆಯಬೇಕು. ಮೀನಿನ ಬುಟ್ಟಿಗೆ ಮೆಣಸಿನ ಪುಡಿ ಚೆಲ್ಲಿದಂಥ ವಾಸನೆ ಅದರದು, ಮೂಗಿಗೆ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಗಾಳಿ ಹೀರುವ ಪೆಟ್ಟಿಗೆಯೊಳಗೇ ಕೆಲಸ ಮಾಡಬೇಕು. ಆದರೆ ಹಿಂದಿನ ಕೋಣೆಯ ಪೆಟ್ಟಿಗೆಗೆ ಉಬ್ಬಸ. ಸೊಸೆ ಕೈಗೆ, ಮುಖಕ್ಕೆ ಸೋಪು ಹಚ್ಚಿ ತಿಕ್ಕಿ ತೊಳೆದಳು. ಕೂದಲು ಅವಳಿಗೆ ನೆನಪಾಗಲಿಲ್ಲ.

ಎರಡನೇ ದಿನ ಸಂಜೆ ಹಲ್ಲಿನ ಡಾಕ್ಟರ ಬಾಗಿಲಿಂದ ಅತ್ತೆಯನ್ನು ಹತ್ತಿಸಿಕೊಂಡು ಹೊರಟಳು. ಅತ್ತೆಯ ಅರ್ಧ ಬಾಯಿ ಮರಗಟ್ಟಿತ್ತು. ಡಾಕ್ಟರು ಬಾಯಿಗೆ ಸೂಜಿ ಚುಚ್ಚಿದ್ದರೇ ಹೊರತು ಮೂಗಿಗಲ್ಲ. ಮೊದಲ ಸಿಗ್ನಲ್ ದಾಟುತ್ತಿದ್ದಂತೆ ಹೆಗಲ ಮೇಲಿನ ಕೈ ಬಿಗಿಯಾಯಿತು.

"ಗಾಡಿ ನಿಲ್ಸು."

ಮುಚ್ಚಿದ್ದ ಒಂದು ಅಂಗಡಿಯ ಮುಂದೆ ಸೊಸೆ ನಿಲ್ಲಿಸಿದಳು. ಅತ್ತೆ ಇಳಿದು ಎದುರಿಗೆ ಬಂದು ನಿಂತಳು.

"ಯಾವ ಚೀಲ?" ಎಂದಳು.

"ಏನತ್ತೆ?"

"ನಿನ್ನ ಕೂದಲು ಪಿಪೆರಿಡಿನ್ ನಾರ್ತಿದೆ. ಬೆಳಕಿನ ಯಂತ್ರದ ಮುಂದೆ ಕೂರೋಳಿಗೆ ಅದರ ಹತ್ರ ಏನು ಕೆಲಸ? ನಂಗೆ ಗೊತ್ತಿಲ್ದ ಹಾಗೆ ಯಾವ ಚೀಲ ಮತ್ತೆ ಕಟ್ತಿದೀಯ?"

ಸುಳ್ಳು ಹೇಳಲು ಸೊಸೆ ಬಾಯಿ ತೆರೆದಳು. ಹೊರಟಿದ್ದು ನಿಜವೇ. "ಮೂರನೇ ಜಾಗದ ಪ್ರೋಲಿನ್."

"ಎಲ್ಲಿ ಕೂರ್ಸಿದೀನಿ ಅದನ್ನ?"

"ಬಾಲದಿಂದ ಮೂರನೇದು."

ಅತ್ತೆ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಅವಳ ಬೆರಳುಗಳು ಮಡಿಲಲ್ಲಿ ಏನನ್ನೋ ಎಣಿಸುತ್ತಿದ್ದವು, ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ರಸ್ತೆಯಲ್ಲಿ ವಾಹನಗಳು ಹೋಗುತ್ತಲೇ ಇದ್ದವು.

"ತೂಕ ಸರಿ ಬಂದಿತ್ತಲ್ಲ," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

"ಬರತ್ತೆ ಅತ್ತೆ. ಮಣಿ ಅವೇ. ಜಾಗ ಬೇರೆ."

"ಗೊತ್ತಾಗಿ ಎಷ್ಟು ದಿನ ಆಯ್ತು?"

"ವಾರ ಆಯ್ತು."

"ವಾರ ಪೂರ್ತಿ ನನ್ ಜೊತೆ ಕೂತು ಊಟ ಮಾಡಿದೀಯ," ಎಂದಳು ಅತ್ತೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. "ನಮ್ಮಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕೋಳು. ನಾವು ಚೆನ್ನಾಗಿದೆ ಅಂತ ತಿಂದು, ಆಮೇಲೆ ಒಳಗಿನ ಕೋಣೇಲಿ ಸೇರ್ಕೊಂಡು ನಗ್ತಿದ್ವಿ. ನಾನೂ ನಗ್ತಿದ್ದೆ. ಒಂದಿನ ಅವಳು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡ್ಳು. ಹೋಗಿ ತಟ್ಟೆಗಳನ್ನೆಲ್ಲ ತೊಳೆದಿಟ್ಳು. ಆ ಮುಖ ನಂಗೆ ಇವತ್ತಿಗೂ ಮರ್ತೋಗಿಲ್ಲ. ನಂಗೆ ಮರೆವು ಬಂದ್ರೆ ಬರ್ಲಿ, ಅದು ನನ್ ಕೈಲಿಲ್ಲ. ನೀನೂ ಒಳಗಿನ ಕೋಣೆ ಸೇರ್ಕೊಂಡ್ಯಲ್ಲ ಅಂತ ಸಂಕಟ ಆಗತ್ತೆ."

ಸೊಸೆಗೆ ಅಳು ಒತ್ತರಿಸಿ ಬಂತು. ಕ್ಷಮಿಸಿ ಎನ್ನಲೂ ನಾಚಿಕೆಯಾಯಿತು. ಇಬ್ಬರೂ ಮನೆಗೆ ಬಂದರು. ಅವತ್ತು ರಾತ್ರಿ ಊಟದ ಮೇಜಿನ ಮೇಲೆ ಅಮೈನೋ ಆಮ್ಲಗಳಿರಲಿಲ್ಲ, ಯಾವ ಮಾತೂ ಇರಲಿಲ್ಲ. ಮೆಕ್ಯಾನಿಕ್ ಒಮ್ಮೆ ತಾಯಿಯ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿದ. "ಜಗಳ ಆಡಿ ಬೇಕಾದ್ರೆ, ಹೀಗೆ ಕೂರ್ಬೇಡಿ," ಎಂದ. ಆಮೇಲೆ ತಾನೇ ಎದ್ದು ಪಾತ್ರೆ ತೊಳೆದ.

ಮರುದಿನ ಅತ್ತೆ ನೇರ ಮುಖ್ಯಸ್ಥನ ಕೋಣೆಗೆ ಹೋದಳು. ಸೊಸೆ ಹಿಂದೆ ಓಡಿದಳು. "ಪ್ರೋಲಿನ್ ಚೀಲ ನಾನು ತಪ್ಪು ಸರದೀಲಿ ಹಾಕಿದೀನಿ," ಎಂದಳು ಅತ್ತೆ, ನಿಂತುಕೊಂಡೇ. "ಇವಳು ಮತ್ತೆ ಕಟ್ತಿದಾಳೆ. ಮುಗಿಯೋವರ್ಗೂ ಏನೂ ಬರೀಬೇಡಿ." ಮುಖ್ಯಸ್ಥ ಕುರ್ಚಿಯಿಂದ ಎದ್ದು, ಪರವಾಗಿಲ್ಲ ಅಕ್ಕ, ಯಾರಿಗಾದ್ರೂ ಆಗತ್ತೆ ಎಂದು ತೊದಲಿದ. "ಯಾರಿಗಾದ್ರೂ ಆಗತ್ತೆ, ನಂಗೆ ಆಗ್ತಿರ್ಲಿಲ್ಲ," ಎಂದು ಅತ್ತೆ ಹೊರಗೆ ಬಂದಳು.

ಆ ಚೀಲವನ್ನು ಹಿಂದಿನ ಕೋಣೆಯಿಂದ ತನ್ನ ಬೆಂಚಿಗೆ ತರಿಸಿದಳು. ಉಳಿದ ಮಣಿಗಳನ್ನು ಸೊಸೆಯ ಕೈಯಿಂದಲೇ ಹಾಕಿಸಿದಳು, ತಾನು ಸ್ಟೂಲಿನ ಮೇಲೆ ಕೂತು ನೋಡಿದಳು. ನೋಡುತ್ತ ಸುಮ್ಮನಿರುವ ಜೀವವೇ ಅದು? "ಹಾಗೆ ಕುಲುಕಿದ್ರೆ ಚೀಲಕ್ಕೆ ನಿದ್ದೆ ಬರತ್ತೆ. ಮೊಣಕೈ ಆಡ್ಸು. ತೊಳೆದ ನೀರು ಪೂರ್ತಿ ಬಸಿ, ಜಿಪುಣತನ ಮಾಡ್ಬೇಡ." ಬೈಗುಳ ಕಿವಿಗೆ ಬಿದ್ದಂತೆಲ್ಲ ಸೊಸೆಗೆ ಜೀವ ಬಂದಂತಾಗುತ್ತಿತ್ತು.

ಸರ ಸಿದ್ಧವಾಯಿತು. ತಕ್ಕಡಿ ಈ ಸಲ ಕೇಳದೆಯೇ ತುಂಡು ಮಾಡಿ ತೂಗಿದ: ಪ್ರೋಲಿನ್ ತಲೆಯಿಂದ ಮೂರನೇ ಜಾಗದಲ್ಲೇ ಕೂತಿತ್ತು. ಬೆಳಕಿನ ಯಂತ್ರದ ಮುಂದೆ ಅತ್ತೆ, ಸೊಸೆ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಗೆರೆ ಮೆಲ್ಲಗೆ ತೆವಳಿತು. ಒಂದು ಹಳ್ಳ ಇಳಿಯಿತು, ಸ್ವಲ್ಪ ಎದ್ದು, ಇನ್ನೊಂದು ಇಳಿಯಿತು. ಸುರುಳಿ ಗಟ್ಟಿಯಾಗಿತ್ತು. ಬಾಗಿಲ ಹತ್ತಿರ ಕೂತ ನೆಂಟ ಮರ್ಯಾದಸ್ಥನೇ ಆಗಿದ್ದ. ಹಳೆಯ ಗೆರೆಯನ್ನೂ ಹೊಸ ಗೆರೆಯನ್ನೂ ಒಂದರ ಮೇಲೊಂದು ಇಟ್ಟಾಗ ಮುಖ್ಯಸ್ಥ ಕಣ್ಣರಳಿಸಿದ. ಒಂದೇ ತೂಕ, ಒಂದೇ ಮಣಿಗಳು. ಪ್ರೋಲಿನ್ ಈ ತುದಿಯಲ್ಲಿದ್ದರೆ ಸುರುಳಿ, ಆ ತುದಿಯಲ್ಲಿದ್ದರೆ ಚಿಂದಿ. "ಇದನ್ನ ಬೇಕು ಅಂತ ಮಾಡಿದ್ರೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ," ಎಂದ. ಅತ್ತೆ ನಕ್ಕಳು. ನಗು ಕಣ್ಣಿಗೆ ಹತ್ತಲಿಲ್ಲ.

ಅವನು ಹೋದ ಮೇಲೆ ಅತ್ತೆ ಏಪ್ರನ್ ಬಿಚ್ಚಿ ಮಡಚತೊಡಗಿದಳು. "ಮಾತು ಅಂದ್ರೆ ಮಾತು," ಎಂದಳು.

"ನೀವು ಹೋಗ್ಬೇಡಿ ಅತ್ತೆ."

"ಕರುಣೆ ತೋರಿಸ್ಬೇಡ."

"ಕರುಣೆ ಎಲ್ಲಿಂದ ಬಂತು? ನಂದು ಸ್ವಾರ್ಥ." ಸೊಸೆ ಏಪ್ರನ್ನಿನ ಒಂದು ತುದಿ ಹಿಡಿದುಕೊಂಡಳು. "ನೀವಿಲ್ದೆ ಈ ಬೆಂಚಿನ ಹತ್ರ ನಿಲ್ಲಕ್ಕೆ ನಂಗಾಗಲ್ಲ. ನಂಗೆ ನೀವು ಬೇಕು. ಅದಕ್ಕೇ ಹೇಳ್ಲಿಲ್ಲ. ತಪ್ಪು ಮಾಡ್ದೆ, ನಿಮ್ಮ ತಪ್ಪಿಗಿಂತ ದೊಡ್ಡ ತಪ್ಪು."

ಅತ್ತೆ ಏಪ್ರನ್ನಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಹೇಳಿದಳು: "ಡಾಕ್ಟರಿಗೂ ತೋರಿಸ್ತೀನಿ, ತಲೆ ನೋಡೋ ಡಾಕ್ಟರಿಗೆ. ಅಲ್ಲೀವರ್ಗೂ ಚೀಲ ವಿಂಗಡಿಸೋವಾಗ ನೀನು ಪಕ್ಕದಲ್ಲಿ ನಿಲ್ಲು. ತಪ್ಪಾದ್ರೆ ಆಗಿಂದಾಗಲೇ ಹೇಳ್ಬೇಕು, ಯಾರು ಎದುರಿಗಿದ್ರೂ ಸರಿ. ಒಂದೇ ಒಂದ್ಸಲ ನುಂಗ್ಕೊಂಡ್ಯೋ, ಮಾರನೇ ದಿನ ನಾನು ಬರಲ್ಲ. ಮರೆವಿಗೆ ಹೆದರಿ ಅಲ್ಲ, ನಿನ್ನ ಮುಖ ನೋಡಕ್ಕಾಗ್ದೆ ಬರಲ್ಲ."

"ಆಯ್ತು," ಎಂದಳು ಸೊಸೆ. ಈ ಸಲ ನಗಲಿಲ್ಲ.

ಮುಂದಿನ ವಾರ ಹೊಸ ಸಾಲು ಶುರುವಾಯಿತು; ಸರದ ಒಂದೊಂದು ಜಾಗಕ್ಕೂ ಗ್ಲೈಸಿನ್ ಕೂರಿಸಿ ಸುರುಳಿ ಎಲ್ಲಿ ಎಷ್ಟು ಸಡಿಲವಾಗುತ್ತದೆಂದು ನೋಡುವುದು. ಜಾಗಕ್ಕೊಂದು ಚೀಲ. ಸೊಸೆ ಸರದಿಯ ಪಟ್ಟಿ ಹಿಡಿದು ಅತ್ತೆಯ ಪಕ್ಕದಲ್ಲಿ ನಿಂತಿದ್ದಳು. ಕೆಲಸ ನೋಡಲು ಮುಖ್ಯಸ್ಥ ಬಂದು ನಿಂತಿದ್ದ, ಜೊತೆಗೆ ಬೇರೆ ಪ್ರಯೋಗಾಲಯದಿಂದ ಬಂದ ಇಬ್ಬರು ಅತಿಥಿಗಳು. ಕೈಯಲ್ಲಿ ಪೆಪ್ಟೈಡ್ ಕಟ್ಟುವವರು ಈಗ ಎಲ್ಲಿ ಸಿಗುತ್ತಾರೆ ಎಂದು ಅವರು ಬೆರಗಿನಿಂದ ನೋಡುತ್ತಿದ್ದರು. ಮುಖ್ಯಸ್ಥ ಹೆಮ್ಮೆಯಿಂದ, "ನಮ್ಮಕ್ಕ ಲೆಕ್ಕ ಎಲ್ಲ ತಲೇಲೇ ಹಾಕ್ತಾರೆ," ಎನ್ನುತ್ತಿದ್ದ. ಅತ್ತೆ ಸರಾಗವಾಗಿ ಮಾತಾಡುತ್ತ, ನಗಿಸುತ್ತ, ಇಕ್ಕುಳದಿಂದ ಚೀಲ ಎತ್ತೆತ್ತಿ ಲೋಟಗಳಿಗೆ ಹಾಕುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖ ಬೆಳಗಿತ್ತು.

ಐದನೇ ಜಾಗದ ಚೀಲ ಇಕ್ಕುಳದಲ್ಲಿತ್ತು. ಬೆಂಚಿನ ಮೇಲೆ ನಡೆದಿದ್ದು ಐದನೇ ಸರದಿ, ಆ ಚೀಲದ ಸರದಿ ಇನ್ನೂ ಬಂದಿರಲಿಲ್ಲ. ಅತ್ತೆ ಅದನ್ನು ಗ್ಲೈಸಿನ್ ಲೋಟದ ಕಡೆಗೆ ಒಯ್ದಳು.

ಸೊಸೆ ಅದನ್ನು ಕಂಡಳು. ಒಂದು ಸಲವಾಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಇದು ಎರಡನೆಯದು. ಎದುರಿಗೆ ಅತಿಥಿಗಳು. ಒಂದೈದು ನಿಮಿಷ ತಡೆದರೆ ಎಲ್ಲರೂ ಚಹಾಕ್ಕೆ ಹೋಗುತ್ತಾರೆ. ಮಣಿ ಅಂಟಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಸದ್ದಿಲ್ಲದೆ ಎತ್ತಿ ಬೇರೆ ಲೋಟಕ್ಕೆ ಹಾಕಿ ತೊಳೆದುಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೆ ಅತ್ತೆಯ ಮೇಲೆ ಎಂದೂ ಬಾರದಷ್ಟು ಪ್ರೀತಿ ಆ ಗಳಿಗೆಯಲ್ಲಿ ಉಕ್ಕಿ ಬಂತು.

"ಅತ್ತೆ," ಎಂದಳು, ಎಲ್ಲರಿಗೂ ಕೇಳುವಂತೆ. "ಆ ಚೀಲ ಈಗಲ್ಲ. ಅದರ ಸರದಿ ಹತ್ತನೇದು."

ಇಕ್ಕುಳ ಲೋಟದ ಮೇಲೆ ನಿಂತಿತು. ಅತ್ತೆ ಚೀಲವನ್ನು ಕಣ್ಣ ಹತ್ತಿರ ತಂದು ಅದರ ಮೇಲಿನ ಸಂಖ್ಯೆ ನೋಡಿದಳು. ತುಟಿಯಲ್ಲೇ ಹಿಂದಿನಿಂದ ಎಣಿಸಿದಳು. ಅವಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತು, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಚೀಲವನ್ನು ಪಕ್ಕದ ಲೋಟಕ್ಕೆ ಹಾಕಿದಳು. ಇನ್ನೊಂದು ಕೈಯಿಂದ ಸೊಸೆಯ ಮಣಿಕಟ್ಟು ಹಿಡಿದು ಒಮ್ಮೆ ಒತ್ತಿದಳು, ನೋಯುವಷ್ಟು ಗಟ್ಟಿಯಾಗಿ.

"ಹೂಂ," ಎಂದಳು. "ಮುಂದಿನದು ಓದು."

ಸೊಸೆ ಓದಿದಳು.